ಉಕ್ಕಾಳಿನ ಪೀಠದ ಪಟ್ಟಿ

ಇಳಿತದ ನೂರ ಎಂಬತ್ತೊಂದನೆಯ ವರ್ಷ, ಹದಿನಾಲ್ಕನೆಯ ತಿಂಗಳು, ನಲವತ್ತನೆಯ ದಿನ
ಕೋಲಾರದ ಹಳೆಯ ಚಿನ್ನದ ಗಣಿ, ಒಂಬತ್ತನೆಯ ಸುರಂಗ

ಉಕ್ಕಾಳಿನ ಚಿತ್ರಸರಣಿಯನ್ನು ಬಿಡಿಸುತ್ತಿರುವ ಹಿರಿಯರಿಗೆ ಬೈರಮ್ಮ ಮಾಡುವ ನಮಸ್ಕಾರಗಳು.

ಈ ತಾರೀಖು ನಿಮ್ಮ ಕ್ಯಾಲೆಂಡರಿನಲ್ಲಿ ಇರಲಾರದು. ನನ್ನ ಕೆಲವು ಮಾತುಗಳು ವಿಚಿತ್ರವಾಗಿ ಕೇಳಿಸಿದರೆ ಹೊಟ್ಟೆಗೆ ಹಾಕಿಕೊಳ್ಳಿ. ಇಳಿತ ಎಂದರೆ ಆಕಾಶದಿಂದ ಅವು ಇಳಿದು ಬಂದ ವರ್ಷ. ಅವನ್ನು ಇಳಿದವು ಎಂದೇ ಕರೆಯುತ್ತೇವೆ. ಬೇರೆ ಹೆಸರು ಹುಡುಕುವಷ್ಟು ಪುರಸೊತ್ತು ಆಗ ಯಾರಿಗೂ ಇರಲಿಲ್ಲ. ಉಳಿದ ನಾಲ್ಕು ಸಾವಿರ ಜನ ಗಣಿಯೊಳಗೆ ಬದುಕುತ್ತಿದ್ದೇವೆ. ಈ ಕಾಗದ ಬರುವುದು ಹಿಂಗೊಳವೆಯಲ್ಲಿ, ಅಂದರೆ ಕಳೆದ ಕಾಲಕ್ಕೆ ಬಾಯಿ ತೆರೆದ ಕೊಳವೆಯಲ್ಲಿ. ಅದರಲ್ಲಿ ಕಾಗದ ಮಾತ್ರ ಹಿಡಿಸುತ್ತದೆ. ಮಗುವನ್ನು ಕಳಿಸಬಹುದೇ ಎಂದು ಅಳೆದು ನೋಡಿದ್ದೇನೆ.

ನಮ್ಮ ಹಿಂದಿನವರಿಗೆ ಸುರಂಗದಲ್ಲಿ ಮೂವತ್ತೆಂಟು ಬಿಲ್ಲೆಗಳು ಸಿಕ್ಕಿದವು. ತಿರುಗಿಸಿದರೆ ಗೋಡೆಯ ಮೇಲೆ ಚಿತ್ರ ಬರುತ್ತಿತ್ತು: ಇಪ್ಪತ್ತು ಆಳೆತ್ತರದ ಉಕ್ಕಿನ ಮನುಷ್ಯ, ಅವನ ಎದೆಯೊಳಗೆ ಕೂತು ಅವನನ್ನು ನಡೆಸುವ ಒಂದು ಮಗು, ಎದುರಿಗೆ ಆಕಾಶದಿಂದ ಬಂದ ಶತ್ರು. ಎಂದೋ ನಡೆದದ್ದನ್ನು ಯಾರೋ ನಮಗಾಗಿ ಬರೆದಿಟ್ಟು ಹೋಗಿದ್ದಾರೆ ಎಂದು ಅವರು ನಂಬಿದರು. ಅದಕ್ಕೆ ಪಾಠ ಎಂದು ಹೆಸರಾಯಿತು. ಮೂರು ತಲೆಮಾರು ಪಾಠ ನೋಡಿ ನೋಡಿ ಉಕ್ಕಾಳನ್ನು ಕಟ್ಟಿತು. ಅದು ನಡೆಯುತ್ತದೆ. ಎಲ್ಲವೂ ಪಾಠದಲ್ಲಿದ್ದಂತೆಯೇ ಆಗಬೇಕು. ಹೊರಡುವ ಮೊದಲು ಮಗು ಬಿಳಿ ಅನ್ನದ ಉಂಡೆ ತಿನ್ನಬೇಕು. ಇಲ್ಲಿ ಬೆಳೆಯುವುದು ರಾಗಿಯೊಂದೇ, ಹಾಗಾಗಿ ಮುದ್ದೆಯನ್ನು ಬಿಳಿ ಬಟ್ಟೆಯಲ್ಲಿ ಸುತ್ತಿ ಕೊಡುತ್ತೇವೆ. ಗುದ್ದುವ ಮೊದಲು ಆ ಗುದ್ದಿನ ಹೆಸರನ್ನು ಗಟ್ಟಿಯಾಗಿ ಕೂಗಬೇಕು. ಇಳಿದವು ಅದನ್ನು ಕೇಳಿಸಿಕೊಂಡು ಪಕ್ಕಕ್ಕೆ ಸರಿಯುತ್ತವೆ. ಆದರೂ ಕೂಗಿಸುತ್ತೇವೆ. ಕೂರುವ ಮಗುವಿಗೆ ಹದಿಮೂರು ತುಂಬಿರಬೇಕು, ಹದಿನಾಲ್ಕು ತುಂಬಿರಬಾರದು.

ಪೀಠದ ಪಟ್ಟಿ ಹೊಲಿಯುವುದು ನನ್ನ ಕೆಲಸ. ಮಗು ಅಲುಗದ ಹಾಗೆ ಸೊಂಟಕ್ಕೂ ಎದೆಗೂ ಬಿಗಿಯುವ ಪಟ್ಟಿ ಅದು. ಹನ್ನೊಂದು ಮಕ್ಕಳಿಗೆ ಹೊಲಿದಿದ್ದೇನೆ. ಒಳಗಿನ ಕೈ ನಿಂತರೂ ಉಕ್ಕಾಳು ಪ್ರತಿ ಸಲವೂ ನಡೆದುಕೊಂಡೇ ವಾಪಸು ಬಂತು. ಒಳಗಿದ್ದ ಮಕ್ಕಳಲ್ಲಿ ಜೀವ ಉಳಿದದ್ದು ಇಬ್ಬರದು. ಅವರು ಮಾತಾಡುವುದಿಲ್ಲ. ಕೊಟ್ಟರೆ ಊಟ ಮಾಡುತ್ತಾರೆ. ಇನ್ನು ಒಂಬತ್ತು ದಿನಕ್ಕೆ ನನ್ನ ಮಗಳು ಹೊನ್ನಿಯ ಸರದಿ. ಅಳತೆ ತೆಗೆಯುವಾಗ ಕಚಗುಳಿಯಾಗಿ ನಕ್ಕಳು.

ಕಳೆದ ವಾರ ಮಣ್ಣು ತೆಗೆಯುವಾಗ ಆ ಬಿಲ್ಲೆಗಳ ಪೆಟ್ಟಿಗೆ ನನಗೆ ಸಿಕ್ಕಿತು. ಅದರ ಬೆನ್ನ ಮೇಲೆ ಹೀಗೆ ಬರೆದಿತ್ತು: ಒಟ್ಟು ಮೂವತ್ತೊಂಬತ್ತು ಕಂತುಗಳ ಕಲ್ಪಿತ ಕತೆ, ಹತ್ತು ವರ್ಷ ಮೇಲ್ಪಟ್ಟ ಮಕ್ಕಳು ನೋಡಿ ನಲಿಯಲು. ಪೀಠದಲ್ಲಿ ಮಗು ಇದ್ದದ್ದು ನೋಡುವವರು ಮಕ್ಕಳಾದ್ದರಿಂದ. ಬೇರೆ ಕಾರಣವೇ ಇಲ್ಲ. ಪಾಠ ಹೇಳುವ ಸೊಣ್ಣಪ್ಪನವರಿಗೆ ತೋರಿಸಿದೆ. ಎರಡು ಸಲ ಓದಿದರು. “ಹನ್ನೊಂದು ಮಕ್ಳು ಕೂತಾಯ್ತಲ್ಲ ಬೈರಮ್ಮಾ. ಈಗ ಇದನ್ನ ಹೇಳಿ ಆ ತಾಯಂದ್ರ ಮುಖ ಹೆಂಗ್ ನೋಡ್ಲಿ? ದೊಡ್ಡೋರು ಕೂತಿರೋದು ಪಾಠದಲ್ಲಿ ತೋರ್ಸು, ನಾಳೇನೇ ಕೂರಿಸ್ತೀನಿ” ಎಂದರು. ಹನ್ನೊಂದರಲ್ಲಿ ಒಬ್ಬ ಅವರ ಮಗ. ನನಗೆ ಸಿಟ್ಟು ಬರಬೇಕಿತ್ತು, ಬರಲಿಲ್ಲ. ಅಳುವೂ ಬರಲಿಲ್ಲ. ಮನೆಗೆ ಬಂದು ಸೂಜಿಗೆ ದಾರ ಪೋಣಿಸಿದೆ.

ಮೂವತ್ತೊಂಬತ್ತನೆಯ ಬಿಲ್ಲೆಯನ್ನು ಇಲ್ಲಿ ಯಾರೂ ನೋಡಿಲ್ಲ. ನೀವೂ ಅದನ್ನು ಇನ್ನೂ ಬಿಡಿಸಿರಲಿಕ್ಕಿಲ್ಲ. ಮನುಷ್ಯಕುಲ ಉಳಿಯಿತೋ ಇಲ್ಲವೋ ಎಂಬುದನ್ನು ನಿಮಗೆ ತೋಚಿದಂತೆ ಮುಗಿಸಿ, ಅದರಲ್ಲಿ ನಾನು ಬಾಯಿ ಹಾಕುವುದಿಲ್ಲ. ಪೀಠದಲ್ಲಿ ಮಾತ್ರ ಒಬ್ಬ ಹೆಂಗಸನ್ನು ಕೂರಿಸಿ. ವಯಸ್ಸು ನಲವತ್ತಾರು, ಕೂದಲು ಅರ್ಧ ನರೆತಿದೆ, ಎಡ ಮಂಡಿ ಸರಿಯಾಗಿ ಮಡಚುವುದಿಲ್ಲ. ಮಗು ಹೊರಗೆ ನಿಂತು ಉಂಡೆ ತಿನ್ನುತ್ತಿರಲಿ. ಬಿಲ್ಲೆಯನ್ನು ಒಂಬತ್ತನೆಯ ಸುರಂಗದ ಬಾಯಲ್ಲಿ, ಎಡಗಡೆ ಗೋಡೆಯ ಗೂಡಿನಲ್ಲಿ ಇಟ್ಟುಹೋಗಿ. ದಿನಾ ಬೆಳಿಗ್ಗೆ ಕೈಹಾಕಿ ನೋಡುತ್ತೇನೆ.

ಪಟ್ಟಿಯನ್ನು ನನ್ನ ಸೊಂಟದ ಅಳತೆಗೆ ಹೊಲಿದಿಟ್ಟಿದ್ದೇನೆ.

ಇತಿ,
ಹೊನ್ನಿಯ ತಾಯಿ ಬೈರಮ್ಮ