ದ್ವೀಪದ ಟಿಕೆಟ್

ನವೆಂಬರ್ ೧೮, ಮಂಗಳವಾರ

ಹೊರದೇಶಕ್ಕೆ ಹೋಗಿಬರುವ ಟಿಕೆಟ್ ಆಗಲೇ ಆಗಿದೆ. ಅಲ್ಲಿಗಿಳಿದ ಮೇಲೆ ದ್ವೀಪಕ್ಕೆ ಹಾರುವ ಪುಟ್ಟ ವಿಮಾನದ ಟಿಕೆಟ್ಟೇ ಬಾಕಿ; ಅದಕ್ಕೆಂದೇ ಇವತ್ತು ಅಕ್ಕನ ಜೊತೆ ಏಜೆಂಟನ ಆಫೀಸಿಗೆ ಹೋಗಿದ್ದೆ. ಅಕ್ಕನಿಗೆ ಆ ದ್ವೀಪದ ತಿಮಿಂಗಿಲಗಳನ್ನು ಒಮ್ಮೆ ಕಣ್ಣಾರೆ ನೋಡಬೇಕು. ಅವಳ ಹೊಟ್ಟೆಯ ಗಡ್ಡೆ ಕರಗಿದೆಯೋ ಬೆಳೆದಿದೆಯೋ, ಡಾಕ್ಟರು ಹೇಳುವುದು ಶುಕ್ರವಾರ.

ಟಿಕೆಟ್ ಏಜೆಂಟ್ ಕಂಪ್ಯೂಟರಿನಿಂದ ತಲೆ ಎತ್ತದೆ ಕೇಳಿದ: “ಮೇಡಂಗೆ ವಾಪಸ್ ಬರೋದು ಹಾಕ್ಲಾ, ಬರದೇ ಇರೋದು ಹಾಕ್ಲಾ?”

ಪಾಪ, ಅವನು ಕೇಳಿದ್ದು ಟಿಕೆಟ್ ರದ್ದಾದರೆ ದುಡ್ಡು ವಾಪಸ್ ಬರುವ ವಿಷಯ. ನನಗೆ ಕೇಳಿಸಿದ್ದೇ ಬೇರೆ. ಅಕ್ಕ ಶಾಲಿನೊಳಗಿಂದಲೇ ನಕ್ಕಳು. “ಬರದೇ ಇರೋದೇ ಹಾಕಪ್ಪ. ಅದೇ ಅಗ್ಗ ಅಲ್ವಾ?”

“ಹೌದು ಮೇಡಂ, ತುಂಬಾ ಜನ ಅದನ್ನೇ ತಗೊಳ್ಳೋದು.”

ಅಕ್ಕ ಇನ್ನಷ್ಟು ನಕ್ಕಳು. ಆಗ ನಾನು ಬಾಯಿ ಹಾಕಿದೆ. “ಶುಕ್ರವಾರ ಕಳೀಲಿ, ಆಮೇಲೆ ನೋಡೋಣ.”

ಬುದ್ಧಿವಂತಿಕೆಯ ಮಾತು ಅಂದುಕೊಂಡೇ ಆಡಿದ್ದು. ಅವಳ ನಗು ಅಲ್ಲೇ ನಿಂತಿತು. ತಮ್ಮನಿಗೂ ನಂಬಿಕೆಯಿಲ್ಲ ಎಂದು ಆ ಕುರ್ಚಿಯಲ್ಲೇ ಅವಳಿಗೆ ಗೊತ್ತಾಗಿಹೋಯಿತು.

ಮನೆಗೆ ಬಂದವಳೇ ದ್ವೀಪದ ಚಳಿಗೆಂದು ಕೊಂಡಿದ್ದ ಕೋಟನ್ನು ತೆಗೆದು ನನ್ನ ಹೆಂಡತಿಗೆ ತೊಡಿಸಿದಳು. “ತೋಳು ಸ್ವಲ್ಪ ಉದ್ದ ಕಣೇ. ಮಡಚಿ ಹೊಲಿಸ್ಕೋ.”

“ಅಕ್ಕಾ, ನಾಳೆ ಬೆಳಿಗ್ಗೇನೇ ಬುಕ್ ಮಾಡ್ತೀನಿ” ಎಂದೆ.

“ಯಾಕೋ, ಈಗೇನು ಅವಸರ?”

ಅಕ್ಕ ಮಲಗಿದ್ದಾಳೆ. ಹೆಂಡತಿ ಇನ್ನೂ ಕೋಟು ಬಿಚ್ಚಿಲ್ಲ. ಬಿಚ್ಚಿದರೆ ಯಾರ ಕಪಾಟಿನಲ್ಲಿ ಇಡುವುದು ಎಂದು ಕೇಳಿದಳು.