ಯಂತ್ರಕ್ಕೆ ಕಾಣದ ತಳಿ

ಅಕ್ಕಾ,

ಇವತ್ತು ನಮ್ಮ ಲ್ಯಾಬಿನ ದೊಡ್ಡ ಡಾಕ್ಟರ ಎದುರೇ ಪೆನ್ನಿಗೆ ಮುಚ್ಚಳ ಹಾಕಿ ಜೇಬಿಗಿಟ್ಟುಕೊಂಡೆ. ಹೊಲಿಗೆ ಕೆಲಸದ ಒಬ್ಬ ಹೆಂಗಸಿನ ರಕ್ತದಲ್ಲಿ ಎಚ್‌ಐವಿ ಎಷ್ಟಿದೆಯೆಂದು ಅಳೆದ ಯಂತ್ರ ‘ಪತ್ತೆಯಾಗಿಲ್ಲ’ ಎಂದಿತ್ತು. ಆದರೆ ರೋಗದೊಡನೆ ಹೋರಾಡುವ ರಕ್ತಕಣಗಳು ಕಳೆದ ಮೂರು ತಪಾಸಣೆಗಳಲ್ಲೂ ಇಳಿಯುತ್ತಲೇ ಇದ್ದವು. ಅಂಥ ವರದಿಗೆ ನಾನು ಸಹಿ ಹಾಕಲಿಲ್ಲ.

“ಯಂತ್ರಕ್ಕಿಂತ ನಿಂಗೆ ಜಾಸ್ತಿ ಗೊತ್ತಾ?” ಎಂದರು.

“ಅದು ವೈರಸ್ಸಿನ ಒಂದೇ ತುಣುಕು ಹುಡುಕುತ್ತೆ ಸಾರ್. ಇವರ ಮೈಯಲ್ಲಿರೋ ವೈರಸ್ ತಳಿಯಲ್ಲಿ ಆ ತುಣುಕೇ ಬೇರೆ ಥರ ಇದ್ರೆ? ಎರಡು ಕಡೆ ಹುಡುಕೋ ಕಿಟ್‌ನಲ್ಲಿ ಇನ್ನೊಂದ್ಸಲ ನೋಡ್ತೀನಿ.”

“ನಿಂದು ಯಾವಾಗ್ಲೂ ಮೊಸರಲ್ಲಿ ಕಲ್ಲು ಹುಡುಕೋದೇ ಆಯ್ತು!”

“ಸಿಕ್ಕಿದ್ರೆ ತಂದು ತೋರಿಸ್ತೀನಿ.”

ಸಂಜೆಗೆ ಸಿಕ್ಕಿತು. ಒಂದು ಮಿಲಿಲೀಟರಿಗೆ ಎಂಬತ್ತಾರು ಸಾವಿರ ವೈರಸ್! ಹೊಸ ವರದಿಯನ್ನು ಅವರ ಚಹಾ ಲೋಟದ ಪಕ್ಕದಲ್ಲೇ ಇಟ್ಟೆ. ಇನ್ನು ಮೇಲೆ ಲೆಕ್ಕ ತಾಳೆಯಾಗದ ಪ್ರತಿಯೊಂದನ್ನೂ ಎರಡು ಸಲ ಅಳೆಯುತ್ತೇನೆ. ಬೈಯುವವರು ಬೈಯಲಿ, ಬೇಕಾದರೆ ಕೆಲಸದಿಂದ ತೆಗೆಯಲಿ.

ನೀನು ತೀರಿಹೋಗಿ ನಾಲ್ಕು ವರ್ಷವಾಯಿತು. ನಿನ್ನ ಕಣಗಳೂ ಹೀಗೇ ಇಳಿಯುತ್ತಿದ್ದವು. “ಮೈಯಲ್ಲಿ ಯಾಕೋ ಶಕ್ತೀನೇ ಇಲ್ಲ ಕಣೇ” ಎಂದು ನೀನು ಅಂದಾಗ, “ವೈರಸ್ಸೇ ಪತ್ತೆಯಾಗಿಲ್ಲ, ಸುಮ್ನೆ ತಲೆ ಕೆಡಿಸ್ಕೋಬೇಡ” ಎಂದು ಗದರಿ, ನಗುತ್ತಾ ವರದಿಯನ್ನು ನಿನ್ನ ಕೈಗೆ ಕೊಟ್ಟಿದ್ದೆ.

ಆ ವರದಿ ಈಗ ನನ್ನ ಮೇಜಿನ ಡ್ರಾಯರಿನಲ್ಲಿದೆ. ಅಂದು ಅದರ ಕೆಳಗೆ ಸಹಿ ಹಾಕುವಾಗ ನನ್ನ ಕೈ ಒಂದಿಷ್ಟೂ ಅಲುಗಿರಲಿಲ್ಲ, ಅಕ್ಕಾ.