ಮೊದಲು ಇಂಜಿನ್, ಆಮೇಲೆ ಮಾತು

ಪೋರ್ಟ್ ಪಿರೀ
೧೪ ಆಗಸ್ಟ್ ೨೦೧೯

ಪ್ರಿಯ ಕ್ಲಿಫ್,

ನಿನ್ನ ಕಾಗದ ಸೋಮವಾರ ಬಂತು. ನಮ್ಮ ಕ್ರೇಗ್‌ನನ್ನು ಮಣ್ಣು ಮಾಡಿ ಹತ್ತು ದಿನವಾಗಿತ್ತು. ಎರಡು ಪುಟ ಬರೆದಿದ್ದೀಯ. ಮಗನ ಹೆಸರು ಒಂದೇ ಸಲ ಬಂದಿದೆ, ಅದೂ ‘ಕ್ರೇಗ್‌ನ ಶೆಡ್ಡಿನಲ್ಲಿರುವ ಇಂಜಿನ್’ ಎನ್ನುವಲ್ಲಿ. ಮೆಲ್ಬರ್ನಿನ ಗಿರಾಕಿ ನಿನ್ನ ಎಪ್ಪತ್ತೊಂದರ ಫಾಲ್ಕನ್ ಕಾರಿಗೆ ಎರಡು ಮನೆಯ ಬೆಲೆ ಕೊಡುತ್ತಾನೆ, ಆದರೆ ಕಾರ್ಖಾನೆಯಲ್ಲಿ ಕಾರಿಗೆ ಹೊಡೆದ ನಂಬರೂ ಇಂಜಿನ್ನಿನ ಮೇಲಿನ ನಂಬರೂ ಹೊಂದಬೇಕು ಎಂದು ವಿವರಿಸಿದ್ದೀಯ. ನನಗೆ ವಿವರಿಸಬೇಕಿರಲಿಲ್ಲ. ನಮ್ಮ ಸಂಸಾರ ಮುರಿದದ್ದೇ ಆ ನಂಬರಿನಿಂದ.

ಹಳೆಯ ಡೈರಿಗಳನ್ನು ತೆಗೆದು ಓದುತ್ತಿದ್ದೇನೆ. ತೊಂಬತ್ತೊಂದರ ನವೆಂಬರ್: ‘ಕ್ರೇಗ್ ಅಪ್ಪನ ಹುಟ್ಟುಹಬ್ಬಕ್ಕೆ ಕಾರಿನ ಸವೆದ ಇಂಜಿನ್ ಇಳಿಸಿ ಹೊಸದು ಕೂರಿಸಿದ. ಹಳೆಯದನ್ನು ಗುಜರಿಯವನಿಗೆ ಕೊಟ್ಟ.’ ಆಗ ಎಲ್ಲರೂ ಹಾಗೇ ಮಾಡುತ್ತಿದ್ದರು. ಅದು ಬರೀ ಹಳೇ ಕಾರು. ಅವನಿಗೆ ಹತ್ತೊಂಬತ್ತು, ಕೂಡಿಟ್ಟಿದ್ದೆಲ್ಲ ಅದಕ್ಕೇ ಹೋಯಿತು. ನೀನು ಊರೆಲ್ಲ ಸುತ್ತಿ ಬಂದು, “ನನ್ ಮಗ ಕಣೇ! ಕೇಳು, ಹೆಂಗ್ ಗುಡುಗುತ್ತೆ!” ಎಂದು ಕುಣಿದೆ. ಅದನ್ನೂ ಬರೆದಿಟ್ಟಿದ್ದೇನೆ.

ಹದಿನೈದು ವರ್ಷದ ಮೇಲೆ, ಹರಾಜಿನಲ್ಲಿ ಅಂಥದೇ ಕಾರಿನ ಬೆಲೆ ಕೇಳಿ ಬಂದೆಯಲ್ಲ, ಅಂದು ಆ ಉಡುಗೊರೆ ಅಪರಾಧವಾಯಿತು. ಊಟದ ಮೇಜಿನಲ್ಲಿ, ಕ್ರೇಗ್‌ನ ಹೆಂಡತಿಯ ಎದುರೇ, ಅವನಿಗೆ “ನಿನ್ನಂಥ ದಡ್ಡನ್ನ ಹುಟ್ಟಿಸಿದ್ದಕ್ಕೆ ಸಾಯೋವರ್ಗೂ ದಂಡ ಕಟ್ಬೇಕು ನಾನು” ಎಂದೆ. ಕಾರು ತೆಗೆದುಕೊಂಡು ಅಡಿಲೇಡಿಗೆ ಹೋದ ನೀನು ಅವನ ಜೊತೆ ಮತ್ತೆ ಮಾತಾಡಲಿಲ್ಲ.

ಕ್ರೇಗ್ ಆ ಹಳೆಯ ಇಂಜಿನ್ ಹುಡುಕಿದ. ಹದಿಮೂರು ವರ್ಷ, ರಜೆ ಸಿಕ್ಕಾಗಲೆಲ್ಲ, ಗುಜರಿಯಿಂದ ಗುಜರಿಗೆ. ಈ ಮೇ ತಿಂಗಳಲ್ಲಿ ಒರೊರೂ ಊರಿನ ಹತ್ತಿರ ಕುರಿಯ ಉಣ್ಣೆ ಕತ್ತರಿಸುವ ಶೆಡ್ಡಿನ ಮೂಲೆಯಲ್ಲಿ ಸಿಕ್ಕಿತು. ಹಲ್ಲುಜ್ಜುವ ಬ್ರಷ್ಷಿನಿಂದ ತಿಕ್ಕಿ ನಂಬರ್ ಓದಿ ನನಗೆ ಫೋನ್ ಮಾಡಿದ. “ಅಮ್ಮಾ, ಸಿಕ್ಬಿಡ್ತು! ಒಂದಂಕಿನೂ ತಪ್ಪಿಲ್ಲ. ಈಗ ಅಪ್ಪ ಮಾತಾಡ್ತಾನೆ, ಅಲ್ವಾ?” ನಲವತ್ತೇಳು ವರ್ಷದ ಗಂಡಸು. ಆಗಲೇ ಹೊಟ್ಟೆಯಲ್ಲಿ ಗಡ್ಡೆ ಬೆಳೆದಿತ್ತು, ನಮಗೆ ಗೊತ್ತಿರಲಿಲ್ಲ.

ಜುಲೈನಲ್ಲಿ ಆಸ್ಪತ್ರೆಯಿಂದ ನಿನಗೆ ಫೋನ್ ಮಾಡಿ, ಇಂಜಿನ್ ಸಿಕ್ಕಿದ್ದನ್ನೂ ಹೇಳಿದೆ. ಅವನ ಕಿವಿಗೆ ಹಿಡಿಯುತ್ತೇನೆ, ಎರಡು ಮಾತಾಡು ಎಂದೆ. “ಮೊದ್ಲು ಇಂಜಿನ್ ಬರ್ಲಿ. ಆಮೇಲೆ ಮಾತು” ಎಂದು ನೀನು ಫೋನ್ ಇಟ್ಟುಬಿಟ್ಟೆ.

“ಏನಂದ?” ಎಂದು ಕ್ರೇಗ್ ಕೇಳಿದ.

ಹೊರಟಿದ್ದಾನೆ, ದಾರಿಯಲ್ಲಿದ್ದಾನೆ ಎಂದೆ. ಆಮೇಲೆ ಐದು ದಿನ ಬದುಕಿದ್ದ. ಐದು ದಿನವೂ ಬಾಗಿಲ ಕಡೆಗೇ ಮುಖ.

ಮಣ್ಣಿಗೆ ಬಂದೆ, ಇಲ್ಲವೆನ್ನುವುದಿಲ್ಲ. ಅದಾದ ಮೇಲೆ, ಬಂದವರಿಗೆಲ್ಲ ಟೀ ಕೊಟ್ಟ ಬೌಲಿಂಗ್ ಕ್ಲಬ್ಬಿನಲ್ಲಿ, ಕೈಯಲ್ಲಿ ಸ್ಯಾಂಡ್‌ವಿಚ್ ಹಿಡಿದು, ಕ್ರೇಗ್‌ನ ಜೊತೆ ಗ್ಯಾರೇಜಿನಲ್ಲಿ ದುಡಿದ ಮರ್ವ್‌ನನ್ನು ನೀನು ಕೇಳಿದ್ದು ನನಗೂ ಕೇಳಿಸಿತು. “ಇಂಜಿನ್ ಬಿರುಕು ಬಿಟ್ಟಿಲ್ಲ ತಾನೇ?”

“ನಿನ್ ಮಗನ್ ಮೇಲಿನ ಮಣ್ಣು ಇನ್ನೂ ಹಸಿ ಇದೆ ಕಣಯ್ಯಾ” ಎಂದ ಮರ್ವ್. “ಟೀ ಕುಡಿ. ಬಾಯಿ ತುಂಬಿರ್ಲಿ.”

ಇರಲಿ. ನೀನು ಕೇಳಿದ್ದನ್ನು ಕಳಿಸುತ್ತಿದ್ದೇನೆ. ಮರ್ವ್ ಲಾರಿಗೆ ಹತ್ತಿಸುತ್ತಾನೆ. ಕ್ರೇಗ್ ಹೊದೆಯುತ್ತಿದ್ದ ಕಂಬಳಿಯಲ್ಲೇ ಸುತ್ತಿದ್ದೇನೆ. ಈ ಕಾಗದವನ್ನೂ ಅದರೊಳಗೇ ಇಡುತ್ತೇನೆ. ನೀನು ಇದನ್ನು ಓದುವಾಗ ಆ ಗಿರಾಕಿ ಪಕ್ಕದಲ್ಲೇ ನಿಂತಿರುತ್ತಾನೆ. ನಿನ್ನನ್ನು ನಾನು ಬಲ್ಲೆ.

ನಿನ್ನ ಮಗನ ತಾಯಿ,
ಲೊರೇನ್

ವಿ.ಸೂ.: ಇಂಜಿನ್ನಿನ ಮೇಲೆ ನಂಬರ್ ಇದ್ದ ಜಾಗ ಈಗ ನುಣ್ಣಗಿದೆ. ಕ್ರೇಗ್ ಕಬ್ಬಿಣ ತೇಯುತ್ತಿದ್ದ ಅರ ತೆಗೆದುಕೊಂಡು ನಾನೇ ಉಜ್ಜಿದೆ. ಅಭ್ಯಾಸವಿಲ್ಲ ನೋಡು, ಎರಡು ಮಧ್ಯಾಹ್ನ ಹಿಡಿಯಿತು. ಇಂಜಿನ್ ಬಂತಲ್ಲ ಕ್ಲಿಫ್. ಇನ್ನು ಅವನ ಜೊತೆ ಮಾತಾಡು.